ಹಿಂದೂಪುರದಲ್ಲೇ ಉಳಿದ ಪ್ಲಗಿನ್

ಖುಷಿ ಜಾಸ್ತಿಯಾದರೆ ನನಗೆ ತಲೆ ಓಡುವುದಿಲ್ಲ. ಹಿಂದೂಪುರದಿಂದ ಮೊಮ್ಮಗಳು ಲಾವಣ್ಯ ಕಲ್ಯಾಣದುರ್ಗದ ನಮ್ಮ ಮನೆಗೆ ಬಂದ ಬೆಳಗ್ಗೆ, ಕಾಫಿಗೆ ಸಕ್ಕರೆ ಹಾಕಿದ್ದು ಮರೆತು ಮತ್ತೆ ಹಾಕಿದೆ. ಅವಳು ಮುಖ ಸಿಂಡರಿಸದೆ ಕುಡಿದುಬಿಟ್ಟಳು. ಆಗಲೇ ಅನ್ನಿಸಿತು, ಹುಡುಗಿ ಮನಸ್ಸು ಇಲ್ಲಿಲ್ಲ ಅಂತ.

ಸಂಜೆ ಇಲ್ಲಿನ ಕಡಲೆಕಾಯಿ ಮಂಡಿಯವರಿಗೆ ಅವಳು ತಾನು ಮಾಡಿದ ವೆಬ್‌ಸೈಟನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಬೇಕಿತ್ತು. ಹಿಂದೂಪುರದ ಆಫೀಸಿನವರು ಅವಳೊಬ್ಬಳನ್ನೇ ನಂಬಿ ಕೊಟ್ಟ ಮೊದಲ ಕೆಲಸ. ವೆಬ್‌ಸೈಟ್ ಓಡದಿದ್ದರೆ ಕೆಲಸ ಬೇರೆಯವರ ಕೈಗೆ ಹೋಗುತ್ತದಂತೆ. ಅದೋ, ಓಡುತ್ತಲೇ ಇರಲಿಲ್ಲ.

ಅದನ್ನು ಬರೆದದ್ದು ಪರ್ಲ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಂತೆ. ಕನ್ನಡ, ತೆಲುಗು ಎರಡರಲ್ಲೂ ಜಗಳವಾಡಬಲ್ಲವಳು ನಾನು, ಇನ್ನೊಂದಕ್ಕೆ ಹೆದರುತ್ತೇನೆಯೇ?

“ಆಗ್ಲಿಂದ ಪ್ಲಗಿನ್ ಪ್ಲಗಿನ್ ಅಂತೀಯಲ್ಲ, ಹಂಗಂದ್ರೆ ಏನೇ?”

“ಮಿಕ್ಸಿಗೆ ಬೇರೆಬೇರೆ ಜಾರ್ ಹಾಕ್ತೀಯಲ್ಲ ಅಜ್ಜಿ, ಹಂಗೆ. ಒಂದು ಜಾರ್ ಕೂತ್ಕೊಂತಿಲ್ಲ.”

“ತಿರುಗ್ಸಿ ಒತ್ತು.”

“ಅಜ್ಜೀ! ಹಂಗಲ್ಲ. ಒಳಗೆ ಏನೇನಾಯ್ತೋ ಅದನ್ನೆಲ್ಲ ಲಾಗ್ ಬರ್ದಿಡ್ತದೆ. ನೋಡು, ಅದು ಎಲ್ಲಾ ಸರಿಯಾಗೈತೆ ಅಂತದೆ!”

ಲಾಗ್ ಸರಿ ಅನ್ನುತ್ತದೆ, ಪರದೆ ಕೆಟ್ಟಿದೆ ಅನ್ನುತ್ತದೆ. ನಮ್ಮ ಯಜಮಾನರೂ ಹೀಗೇ, ಜ್ವರದಲ್ಲಿ ನಡುಗುತ್ತಾ ‘ಏನೂ ಇಲ್ಲ’ ಅನ್ನುತ್ತಿದ್ದರು. ಅವರದಾದರೆ ಹಣೆ ಮುಟ್ಟಿ ನೋಡುತ್ತಿದ್ದೆ. ಲ್ಯಾಪ್‌ಟಾಪನ್ನೂ ಮುಟ್ಟಿದೆ. ಬಿಸಿಯಿತ್ತು. ಅದು ಯಾವಾಗಲೂ ಹಾಗೇ ಇರುತ್ತದಂತೆ.

ಮಧ್ಯಾಹ್ನವಾಯಿತು. ಮುದ್ದೆ ಆರಿತು. ಹುಡುಗಿಯ ಕಣ್ಣು ತುಂಬಿತು. ನನಗೆ ದಿಕ್ಕೇ ತೋಚದೆ, ಅವಳ ಪಕ್ಕದಲ್ಲೇ ಕೂತು, ಹಿಂದೂಪುರದಲ್ಲಿರುವ ಅವಳ ಅಮ್ಮನಿಗೆ, ಅಂದರೆ ನನ್ನ ಮಗಳಿಗೆ, ಫೋನ್ ಮಾಡಿದೆ.

“ಲಾವಣ್ಯ ನನ್ ಪಕ್ಕದಾಗೇ ಕೂತವ್ಳೆ, ಊಟಾನೇ ಮಾಡ್ಲಿಲ್ಲ ಕಣಮ್ಮ. ಯಾಕಂತೆ?”

“ನಿನ್ ಪಕ್ಕದಾಗೇ ಕೂತವ್ಳೆ, ಹಿಂದೂಪುರದಾಗಿರೋ ನನ್ನ ಕೇಳ್ತೀಯಲ್ಲಮ್ಮ! ಅವಳ್ನೇ ಕೇಳು!”

ಕಿವಿ ಮಂದ ಅಂತ ಸ್ಪೀಕರ್ ಹಾಕಿದ್ದೆ. ಲಾವಣ್ಯಳಿಗೂ ಕೇಳಿತು. ಅವಳ ಕೈ ಹಾಗೇ ನಿಂತಿತು.

“ಅಯ್ಯೋ ಅಜ್ಜಿ, ನಾನೂ ಬೆಳಗ್ಗಿಂದ ಅದೇ ಮಾಡ್ತಿದೀನಿ! ಓಡ್ಸ್ತಿರೋದು ಇಲ್ಲಿ, ನೋಡ್ತಿರೋ ಲಾಗು ಹಿಂದೂಪುರದ ಆಫೀಸ್ ಕಂಪ್ಯೂಟರ್ದು!”

ಇಲ್ಲಿಯ ಲಾಗ್ ತೆರೆದಳು. ಪಾಪ, ಅದು ಬೆಳಗ್ಗಿಂದ ಗೋಳಾಡುತ್ತಲೇ ಇತ್ತು: ಆ ಪ್ಲಗಿನ್ ಈ ಲ್ಯಾಪ್‌ಟಾಪಿನಲ್ಲಿ ಇಲ್ಲವೇ ಇಲ್ಲ ಅಂತ. ಜಾರ್ ಹಿಂದೂಪುರದಲ್ಲೇ ಉಳಿದಿತ್ತು! ಬಸ್ಸಿನಲ್ಲಿ ತರಿಸೋಣವೇ ಅಂದೆ. ಅಷ್ಟರಲ್ಲಿ ಅದು ಇಂಟರ್ನೆಟ್ಟಿನಲ್ಲಿ, ಗಾಳಿಯಲ್ಲೇ ಬಂದು ಕೂತಾಗಿತ್ತು.

ಸಂಜೆ ಮಂಡಿಯಿಂದ ನಗುತ್ತಾ ಬಂದಳು. ಕೆಲಸ ಅವಳ ಕೈಯಲ್ಲೇ ಉಳಿಯಿತು. ನನಗೆ ಪರ್ಲ್ ಈಗಲೂ ಅರ್ಥವಾಗಿಲ್ಲ, ಆವತ್ತಿನ ಸಂತೋಷ ಮಾತ್ರ ಸೆರಗಿನಲ್ಲಿ ಹಿಡಿಸುವಂಥದ್ದಲ್ಲ. ಬಿಸಿ ಮುದ್ದೆ ಬಡಿಸಿ, ಫೋನನ್ನು ದೂರ ಇಟ್ಟು, ಅವಳನ್ನೇ ಕೇಳಿದೆ:

“ಈಗ ಹೇಳು ತಲ್ಲಿ, ನನ್ ತಾಯಿ, ಬೇರೇನಾದ್ರೂ ತೊಂದ್ರೆ ಐತಾ?”

“ಐತೆ. ಬೆಳಗ್ಗಿನ ಕಾಫಿ ಬರೀ ಸಕ್ಕರೆ ಪಾಕ ಅಜ್ಜಿ.”