ಸಂಗಯ್ಯ ಸ್ವಿಚ್ಚು ಎಳೆದ ದಿನ

ಬನವಾಸಿಯ ಸಂಗಯ್ಯ ಶಿರಸಿಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದರು. ಓದಿದ್ದು ಏಳನೇ ಇಯತ್ತೆ. ಆದರೆ ಇಪ್ಪತ್ತೆರಡು ವರ್ಷ ಗಾಜು ತೊಳೆದು, ತಂತಿ ಬೆಸೆದು, ಪಂಪುಗಳಿಗೆ ಎಣ್ಣೆ ಹಾಕಿ, ಯಂತ್ರದ ಸದ್ದು ಚೂರು ಬದಲಾದರೂ ಪಕ್ಕದ ಕೋಣೆಯಿಂದಲೇ ಎದ್ದು ಬರುವಷ್ಟು ಪಳಗಿದ್ದರು.

೨೦೦೧ರಲ್ಲಿ ಅಲ್ಲಿನ ಉಪನ್ಯಾಸಕ, ಸಿದ್ದಾಪುರದ ಕಡೆಯ ನಾಗಪತಿ ಹೆಗಡೆ ಹೊಸ ಪ್ರಯೋಗಕ್ಕೆ ಕೈಹಾಕಿದರು. ಉಪಗ್ರಹಗಳನ್ನು ಬಾಹ್ಯಾಕಾಶದಲ್ಲಿ ಮೆಲ್ಲಗೆ ತಳ್ಳುವ ವಿದ್ಯುತ್ ಎಂಜಿನ್ನುಗಳಲ್ಲಿ ಅನಿಲವು ಹೊಳೆಯುವ ಪ್ಲಾಸ್ಮಾ ಆಗುತ್ತದೆ. ಅದರ ಎಲೆಕ್ಟ್ರಾನುಗಳು ಆನೋಡ್ ಎಂಬ ಲೋಹದ ಉಂಗುರಕ್ಕೆ ಬಂದು ಸೇರುತ್ತವೆ. ಉಂಗುರಕ್ಕೆ ಅಂಟಿಕೊಂಡಂತೆ ಪ್ಲಾಸ್ಮಾದ ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ವಿದ್ಯುತ್ ಪೊರೆಯೊಂದು ಇರುತ್ತದೆ. ಆ ಪೊರೆ ಹೇಗೆ ವರ್ತಿಸುತ್ತದೆ ಎಂದು ನಾಗಪತಿಗೆ ತಿಳಿಯಬೇಕಿತ್ತು. ದೊಡ್ಡ ಗಾಜಿನ ಜಾಡಿ, ಅದರೊಳಗಿನ ಗಾಳಿ ತೆಗೆಯಲು ಪಂಪು, ಯಲ್ಲಾಪುರದ ಲೇತಿನಲ್ಲಿ ಜಟ್ಟಪ್ಪ ಕಡೆದುಕೊಟ್ಟ ಉಕ್ಕಿನ ಉಂಗುರ: ಇಷ್ಟೇ ಸಲಕರಣೆ. ದಿನವೂ ಮೀಟರು ನೋಡಿ ಬರೆದಿಡುವುದು ಸಂಗಯ್ಯನವರ ಕೆಲಸ.

ಮೊದಲ ವಾರ ನೂರಾ ಎಂಬತ್ತು ವೋಲ್ಟಿಗೆ ಹರಿಯುತ್ತಿದ್ದ ಕರೆಂಟಿಗೆ ಮೂರನೇ ವಾರ ಇನ್ನೂರ ಹತ್ತು ಬೇಕಾಯಿತು. ಐದನೇ ವಾರ ಇನ್ನೂರ ನಲವತ್ತು. ಮೊದಲು ಉಂಗುರದ ಸುತ್ತ ತೆಳ್ಳಗೆ ಹರಡಿರುತ್ತಿದ್ದ ಬೆಳಕು ಈಗ ಒಂದೇ ಕಡೆ ಕಡಲೆ ಗಾತ್ರದ ಚುಕ್ಕೆಯಾಗಿ ಉರಿಯುತ್ತಿತ್ತು.

"ಸರ, ಉಂಗುರದ ಮ್ಯಾಲೆ ಏನೋ ಕೂತೈತ್ರಿ. ಒಮ್ಮೆ ಬಿಚ್ಚಿ ನೋಡೂಣ್ರಿ," ಎಂದರು ಸಂಗಯ್ಯ.

"ಉಕ್ಕಿನ ಮೇಲೆ ಎಂತ ಕೂರ್ತದೆ ಸಂಗಯ್ಯ? ನಾಡಿದ್ದು ಬೆಂಗಳೂರಿಂದ ತಜ್ಞರು ಬರ್ತಾರೆ. ಈಗ ಬಿಚ್ಚಿದ್ರೆ ಮತ್ತೆ ಗಾಳಿ ತೆಗೆಯೋಕೆ ಎರಡು ದಿನ ಬೇಕು."

ಬಂದ ತಜ್ಞೆಯ ಹೆಸರು ಶ್ರೀಲಕ್ಷ್ಮಿ. ಪ್ರಯೋಗಕ್ಕೆ ಬೆಂಗಳೂರಿನ ಕಚೇರಿಯ ಹಣ ಸಿಗಬೇಕಾದರೆ ಅವರ ಒಪ್ಪಿಗೆ ಬೇಕಿತ್ತು. ಮಧ್ಯಾಹ್ನ ಮೂರಕ್ಕೆ ಪ್ರದರ್ಶನ ಶುರುವಾಯಿತು. ಕರೆಂಟು ಏರಲಿಲ್ಲ. ನಾಗಪತಿ ವೋಲ್ಟೇಜು ಏರಿಸಿದರು. ಇನ್ನೂರ ಎಪ್ಪತ್ತು. ಮುನ್ನೂರು. ಚುಕ್ಕೆ ಉಬ್ಬಿ ನಿಂಬೆಹಣ್ಣಿನಷ್ಟಾಯಿತು. ಉಂಗುರದ ಒಂದು ಬದಿ ಕೆಂಪಾಗಿ ಗಾಜಿನ ಕಡೆಗೆ ಬಾಗತೊಡಗಿತು. ಶ್ರೀಲಕ್ಷ್ಮಿ ಕನ್ನಡಕ ಸರಿಮಾಡಿಕೊಂಡು ಜಾಡಿಯ ಹತ್ತಿರಕ್ಕೆ ಮುಖ ತಂದರು.

ಸಂಗಯ್ಯನವರಿಗೆ 'ಟಿಕ್' ಎಂದದ್ದು ಕೇಳಿತು. ಪಂಪಿನ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಲಿಲ್ಲ.

"ಹಿಂದ ಸರೀರಿ!" ಎಂದು ಕೂಗಿದವರೇ ಗೋಡೆಯ ಮೇನ್ ಸ್ವಿಚ್ಚನ್ನು ಎಳೆದುಬಿಟ್ಟರು.

ಬೆಳಕು ಆರಿತು. ಪಂಪೂ ನಿಂತಿತು. ಒಳಗೆ ಗಾಳಿಯಿಲ್ಲದ ಜಾಡಿ ಒಡೆದರೆ ಗಾಜು ಒಳಕ್ಕೆ ಕುಸಿದು ಚೂರುಗಳು ಸುತ್ತ ಸಿಡಿಯುತ್ತವೆಂದು ಸಂಗಯ್ಯನವರಿಗೆ ಗೊತ್ತಿತ್ತು. ಎಲ್ಲರನ್ನೂ ಬಾಗಿಲ ಬಳಿ ನಿಲ್ಲಿಸಿ, ತಾವೊಬ್ಬರೇ ಮುಖ ಅತ್ತ ತಿರುಗಿಸಿಕೊಂಡು ಗಾಳಿ ಒಳಬಿಡುವ ತಿರುಪನ್ನು ಕೂದಲಷ್ಟು ಕೂದಲಷ್ಟೇ ಬಿಚ್ಚಿದರು. ಕಾಲು ಗಂಟೆ ಹಿಡಿಯಿತು. ಅಂಗಿ ಬೆನ್ನಿಗಂಟಿತ್ತು.

ಮಬ್ಬುಗಟ್ಟಿದ್ದ ಜಾಡಿಯ ಗಾಜಿನಲ್ಲಿ ಒಡೆದದ್ದೇನೂ ಯಾರ ಕಣ್ಣಿಗೂ ಬೀಳಲಿಲ್ಲ. ಶ್ರೀಲಕ್ಷ್ಮಿ ಸಭ್ಯವಾಗಿ ನಕ್ಕು ಹೊರಟುಹೋದರು. ನಾಗಪತಿ ಸಂಗಯ್ಯನವರತ್ತ ತಿರುಗಿದರು.

"ಯಾರನ್ನ ಕೇಳಿ ಎಳೆದ್ರಿ? ನಾಳೆಯಿಂದ ಈ ಕೋಣೆಗೆ ಕಾಲಿಡಬೇಡಿ."

ಸಂಗಯ್ಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ರಜೆ ಚೀಟಿ ಬರೆದುಕೊಟ್ಟು ಬನವಾಸಿ ಬಸ್ಸು ಹತ್ತಿದರು.

ಮೂರನೇ ದಿನ ನಾಗಪತಿ ಜಾಡಿಯನ್ನು ಎತ್ತಿದರು. ಒಳಬದಿಯಲ್ಲಿ, ಉಂಗುರ ಬಾಗಿದ್ದ ಕಡೆಗೇ, ಬೆರಳುದ್ದದ ಬಿರುಕು. ಶ್ರೀಲಕ್ಷ್ಮಿಯ ಮುಖ ಇದ್ದದ್ದು ಅಲ್ಲೇ. ಉಂಗುರದ ಮೇಲೆಲ್ಲ ಕಂದು ಲೇಪ. ಒಂದು ಕಡೆ ಮಾತ್ರ ಕರಗಿದ ಕುಳಿ. ನಾಗಪತಿ ಉಂಗುರವನ್ನು ಬಿಚ್ಚಿಕೊಂಡರು. ಮರುದಿನ ಬೆಳಗಿನ ಬಸ್ಸಿಗೆ ಉಂಗುರವನ್ನು ಕಾಗದದಲ್ಲಿ ಸುತ್ತಿಕೊಂಡು ಬನವಾಸಿಗೆ ಹೋದರು.

ಬಾಗಿಲಲ್ಲಿ ಸಂಗಯ್ಯನವರ ಹೆಂಡತಿ ಗಿರಿಜವ್ವ ನಿಂತಿದ್ದರು. "ಬರ್ರಿ ಸರ. ನಾಕ್ ದಿನಾ ಆತು, ಅವ್ರಿಗೆ ಊಟಾನೇ ಸೇರವಲ್ದು," ಎಂದರು.

"ನಂದು ತಪ್ಪಾಯ್ತು ಸಂಗಯ್ಯ," ಎಂದು ನಾಗಪತಿ ಉಂಗುರವನ್ನು ಮುಂದಿಟ್ಟರು.

ಸಂಗಯ್ಯ ಉಗುರಿನಿಂದ ಕೆರೆದು ಮೂಸಿದರು. "ಪಂಪಿನ ಎಣ್ಣಿ ಆವಿರಿ ಇದು. ಬಂದು ಕೂತು, ಸುಟ್ಟು ಗಟ್ಟಿ ಆಗೈತಿ."

ನಾಗಪತಿಗೆ ಆಗ ಎಲ್ಲ ಹೊಳೆಯಿತು. ಉಂಗುರ ಶುಭ್ರವಾಗಿದ್ದಾಗ ಬೇಕಾದದ್ದಕ್ಕಿಂತ ಹೆಚ್ಚೇ ಎಲೆಕ್ಟ್ರಾನುಗಳು ಅದರತ್ತ ನುಗ್ಗುತ್ತವೆ. ಪೊರೆ ಹೆಚ್ಚಿನವನ್ನು ಹಿಂದಕ್ಕೆ ತಳ್ಳುತ್ತದೆ. ಕರೆಂಟು ಹರಿಯದ ಲೇಪ ಕೂತು ಲೋಹದ ಜಾಗ ಕಡಿಮೆಯಾದರೆ ಪೊರೆಯ ಸ್ವಭಾವವೇ ತಿರುಗುತ್ತದೆ. ಅದು ಎಲೆಕ್ಟ್ರಾನುಗಳನ್ನು ಜೋರಾಗಿ ಎಳೆದು ಉಳಿದ ಚೂರು ಲೋಹಕ್ಕೆ ಅಪ್ಪಳಿಸುತ್ತದೆ. ಮೇಲೆ ಹಾರುವ ಉಪಗ್ರಹದಲ್ಲಿ ಹೀಗಾದರೆ ಬಿಚ್ಚಿ ಒರೆಸುವವರಿಲ್ಲ.

"ಬರ್ತೀನ್ರಿ ಸರ," ಎಂದರು ಸಂಗಯ್ಯ. "ಆದ್ರ ನಾ ನಿಂದರಸ್ರಿ ಅಂದ್ರ ನಿಂದರಸಬೇಕು."

ಹೊಸ ಜಾಡಿ ತರಿಸಿದರು. ಸಂಗಯ್ಯ ಬಾಗಿದ್ದ ಉಂಗುರವನ್ನು ತಟ್ಟಿ ಸರಿಮಾಡಿ, ಮರಳು ಕಾಗದದಿಂದ ಉಜ್ಜಿದರು. ಸ್ವಿಚ್ಚು ಹಾಕಿದರು. ವೋಲ್ಟ್ ಮೀಟರಿನ ಮುಳ್ಳು ನೂರಾ ಎಂಬತ್ತೆರಡಕ್ಕೆ ಬಂದು ನಿಂತಿತು.

ಶ್ರೀಲಕ್ಷ್ಮಿಯವರ ಕಚೇರಿ ಆ ವರ್ಷ ಒಪ್ಪಿಗೆ ಕೊಡಲಿಲ್ಲ. ಅವರು ಮಾತ್ರ ಸ್ವಂತ ಪತ್ರ ಬರೆದು ಸಂಗಯ್ಯನವರ ಐದು ವಾರದ ಮೀಟರು ಲೆಕ್ಕವನ್ನು ತರಿಸಿಕೊಂಡರು. ೨೦೦೩ರಲ್ಲಿ ಧಾರವಾಡದ ವಿಚಾರ ಸಂಕಿರಣದಲ್ಲಿ ನಾಗಪತಿ ಪ್ರಬಂಧ ಓದಿದರು. ಸಂಗಯ್ಯನವರಿಗೆ ಹೋಗಲಾಗಲಿಲ್ಲ, ಮಗಳು ಶಿಲ್ಪಾಳ ಹೆರಿಗೆಗೆಂದು ಹಾನಗಲ್ಲಿಗೆ ಹೋಗಿದ್ದರು. ಅಚ್ಚಾದ ಪ್ರತಿ ಅಂಚೆಯಲ್ಲಿ ಬಂತು. ಅದರಲ್ಲಿ ಎರಡು ಹೆಸರುಗಳಿದ್ದವು. ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನಷ್ಟೇ ಓದಿಕೊಂಡ ಸಂಗಯ್ಯ, ಉಳಿದದ್ದನ್ನು ಕನ್ನಡದಲ್ಲಿ ಹೇಳಿ ಎಂದು ನಾಗಪತಿಯ ಎದುರು ಸ್ಟೂಲು ಎಳೆದುಕೊಂಡು ಕೂತರು. ಅದಕ್ಕೆ ಎರಡು ಮಧ್ಯಾಹ್ನ ಹಿಡಿಯಿತು.