ಹಣಮಂತ ಕಾಕಾನ ಗಂಟೆ

ಕಂಪ್ಯೂಟರ್ ಆಟದ ಪರದೆಯ ಮೇಲೆ ಯಾರಾದರೂ ಸತ್ತರೆ ಹಣಮಂತ ಕಾಕಾ ಗಂಟೆ ಬಾರಿಸುತ್ತಿದ್ದರು. ದೇವರ ಪೂಜೆಯ ಕಂಚಿನ ಗಂಟೆ ಅದು. ಬಾರಿಸಿ, ಎದ್ದು ನಿಂತು, ನಿಧನವಾರ್ತೆ ಓದುವ ಗಂಭೀರ ದನಿಯಲ್ಲಿ ಸಾರುವರು: "ಮಹಾಶೂರ ಪಕ್ಯಾ ಅವರು ದೆವ್ವದ ಕೈಯಾಗ ಸಿಕ್ಕು ದೈವಾಧೀನ ಆಗ್ಯಾರ. ಮಣ್ಣಿಗೆ ಯಾರೂ ಬರೂದು ಬ್ಯಾಡ. ಮುಂದಿನ ಗಿರಾಕಿ ಬರ್ರಿ!" ಆಮೇಲೆ ಉಳಿಸಿಟ್ಟಿದ್ದ ಆಟವನ್ನೂ ಅಳಿಸಿಬಿಡುವರು. ಗೋಗರೆದರೆ ಒಂದೇ ಮಾತು: "ಸತ್ತವರ್ನ ಎಬ್ಬಸೂದು ನಮ್ಮ ಅಂಗಡ್ಯಾಗ ಇಲ್ಲ."

ಮರಾಠಿ ನಾಡಿನಲ್ಲಿ, ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಗೇಮ್ ಅಂಗಡಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಅಲ್ಲೇ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್. ಕಾಕಾ ಬಾಗಲಕೋಟೆಯವರು. ಆಟದ ಇಂಗ್ಲಿಷನ್ನೆಲ್ಲ ನಮ್ಮ ಮಾತಿನಲ್ಲಿ ಓದಿ ಹೇಳುವರು, ಅದಕ್ಕೇ ಕನ್ನಡದವರೆಲ್ಲ ಅಲ್ಲಿ ಸೇರುತ್ತಿದ್ದೆವು. ಹಸಿದು ಬಂದವರಿಗೆ ತಮ್ಮ ಡಬ್ಬಿಯ ರೊಟ್ಟಿ ಮುರಿದು ಕೊಡುವರು. ಕೊಡುವಾಗಲೂ ಚುಚ್ಚುವರು: "ತಿನ್ನಲೇ. ಸಾಯಾಕಾದ್ರೂ ಶಕ್ತಿ ಬೇಕಲ್ಲ."

ಆ ವರ್ಷ ಬಂದಿದ್ದ ಹೊಸ ಆಟ ವಿಚಿತ್ರವಾಗಿತ್ತು. ಕಾಡಿನ ತುಂಬ ಮಾಂತ್ರಿಕರು, ಊರಿನ ತುಂಬ ಹೊಗೆಬಂಡಿ, ಬಂದೂಕು, ಕಬ್ಬಿಣದ ಕೈಕಾಲು. ಅದರ ಕಟ್ಟಳೆ ಒಂದೇ: ಮೈಮೇಲೆ ಯಂತ್ರ ಹೆಚ್ಚಿದಷ್ಟೂ ಮಂತ್ರ ತಾಗುವುದಿಲ್ಲ. ಎರಡನ್ನೂ ಹಿಡಿದವನು ಕೆಟ್ಟ.

ಯೆರವಡಾದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ ಭೀಮಣ್ಣ ಐತವಾರಕ್ಕೊಮ್ಮೆ ಬರುತ್ತಿದ್ದ. ಯಾದಗಿರಿ ಕಡೆಯವನು, ಇಂಗ್ಲಿಷ್ ಬಾರದು. ತನ್ನ ವೀರನಿಗೆ ಸಾಬಣ್ಣ ಎಂದು ಹೆಸರಿಟ್ಟ.

"ಯಾರಲೇ ಸಾಬಣ್ಣ?" ಎಂದರು ಕಾಕಾ.

"ನನ್ನ ತಮ್ಮ ರೀ. ಹ್ವಾದ ವರ್ಷ ಕಟ್ಟಡದ ಮ್ಯಾಲಿಂದ ಬಿದ್ದು ಹ್ವಾದ. ಇಲ್ಲ್ಯಾದ್ರೂ ಕಡೀತನಕ ಜೀವಂತ ಮುಟ್ಟಸ್ಬೇಕಂತ ಮಾಡೀನಿ."

ಪರದೆ ಏನೋ ಕೇಳಿತು. ಕಾಕಾ ಓದಿದರು: "ನಿನ್ನ ಸಾಬಣ್ಣಗ ಯಂತ್ರ ಬೇಕೋ, ಮಂತ್ರ ಬೇಕೋ?"

"ಮೊದಲ ಯಂತ್ರ ಕಟ್ರಿ. ಊರಿಂದ ಬರೂ ಮುಂದ ಅಂವಗ ಯಂತ್ರ ಕಟ್ಟಸೂದು ಮರ್ತಿದ್ವಿ. ಅವ್ವ ಇನ್ನಾ ಅದನ್ನ ಆಡ್ಕೊಂಡು ಅಳ್ತಾಳ."

ಅವನು ಹೇಳಿದ್ದು ಮಠದಲ್ಲಿ ಬರೆಸಿ ತೋಳಿಗೆ ಕಟ್ಟುವ ತಾಮ್ರದ ತಗಡು. ಕಾಕಾಗೆ ಅದು ಕೂಡಲೇ ತಿಳಿಯಿತು. ನಮ್ಮ ಕಡೆ ತಿರುಗಿ ಕಣ್ಣು ಹೊಡೆದರು. "ಕಟ್ಟೂಣು. ಎಷ್ಟ್ ಕಟ್ಟಿದ್ರ ಅಷ್ಟ್ ಛಲೋ."

ಸಾಬಣ್ಣನ ತೋಳಿಗೆ ಹಲ್ಲುಗಾಲಿಗಳ ಕಬ್ಬಿಣದ ಕೈ ಬಂತು. "ಭಾಳ ದೊಡ್ಡದು ಅದಲ್ರೀ?" ಎಂದ ಭೀಮಣ್ಣ.

"ಪ್ಯಾಟಿ ಯಂತ್ರ ಹಂಗ ಇರ್ತಾವ."

ಅಂಗಡಿಯೆಲ್ಲ ನಗು. ಭೀಮಣ್ಣನೂ ಸೇರಿ ನಕ್ಕ. ಐತವಾರಕ್ಕೊಂದು ಯಂತ್ರ ಏರುತ್ತ ಹೋಯಿತು. ಕೊನೆಗೊಮ್ಮೆ ರಾಕ್ಷಸನ ಏಟಿಗೆ ಸಾಬಣ್ಣ ನೆಲಕ್ಕುರುಳಿದ. ಆಟದಲ್ಲಿ ಅವನ ಜೊತೆಗಿದ್ದ, ಗಾಯ ಮಾಯಿಸುವ ಮಂತ್ರದ ಮುದುಕಿಯನ್ನು ಭೀಮಣ್ಣ ಕರೆದ. ಅವಳ ಕೈಯ ಬೆಳಕು ಕಬ್ಬಿಣ ಮುಟ್ಟಿದ್ದೇ ಆರಿತು. ಮತ್ತೆ ಕರೆದ. ಮತ್ತೆ ಆರಿತು.

"ಕಾಕಾ! ಮಂತ್ರ ಹತ್ತವಲ್ದು ರೀ!"

"ಹೆಂಗ ಹತ್ತತದೋ ಹುಚ್ಚಪ್ಪಾ? ಮೈತುಂಬ ಗಿರಣಿ ಹೊರಿಸೀದಿ! ಅದು ಮಶೀನು, ನಿಮ್ಮ ಮಠದ ಯಂತ್ರ ಅಲ್ಲ!"

"ಗೆಲಾ ರೇ, ಸಾಬ್ಯಾ ಗೆಲಾ!" ಸಾಬ್ಯಾ ಸತ್ತ ಎಂದು ಮರಾಠಿ ಹುಡುಗರು ತಮ್ಮ ಮಾತಿನಲ್ಲಿ ಕೂಗಿ ಬೆಂಚು ಬಡಿದರು. ಕಾಕಾ ಗಂಟೆ ಬಾರಿಸಿದರು. "ಯಾದಗಿರಿ ಸೀಮೆಯ ಸಾಬಣ್ಣ ಅವರು, ಅಣ್ಣ ಕಟ್ಟಿದ ಯಂತ್ರದ ಭಾರಕ್ಕ ದೈವಾಧೀನ ಆಗ್ಯಾರ!" ಸಾರಿ ಮುಗಿಸಿ, ಆಟ ಅಳಿಸಿದರು.

ಭೀಮಣ್ಣ ಕಪ್ಪಾದ ಪರದೆಯನ್ನೇ ನೋಡುತ್ತಿದ್ದ. "ಇನ್ನೊಮ್ಮೆ ಬಾರಸ್ರಿ ಕಾಕಾ," ಎಂದ.

"ಯಾಕಲೇ, ಸಾಲಲಿಲ್ಲೇನು?"

"ಅಂವ ಖರೇನ ಸತ್ತಾಗ ಯಾರೂ ಬಾರಿಸಿದ್ದಿಲ್ಲ ರೀ. ಸೀದಾ ಲಾರ್‍ಯಾಗ ಹಾಕಿ ಕಳಿಸಿದ್ರು."

ನಗು ಅಲ್ಲಿಗೇ ನಿಂತಿತು. ಕಾಕಾ ಬಾರಿಸಿದರು. ಈ ಸಲ ಏನೂ ಸಾರಲಿಲ್ಲ. ಭೀಮಣ್ಣ ಕೈ ಮುಗಿದು ಎದ್ದು ಹೋದ. ಮತ್ತೆ ಬರಲಿಲ್ಲ.

ಮನೆಮನೆಗೆ ಕಂಪ್ಯೂಟರ್ ಬಂದ ಮೇಲೆ ಅಂಗಡಿ ಮುಚ್ಚಿತು. ನಾನು ಕಾಕಾನನ್ನು ಕಡೆಯ ಸಲ ಕಂಡದ್ದು ಕಾತ್ರಜದ ಬಸ್ ಸ್ಟ್ಯಾಂಡಿನಲ್ಲಿ. ಗಂಟುಮೂಟೆ ಸಮೇತ ಊರಿಗೆ ಹೊರಟಿದ್ದರು.

"ಭೀಮ್ಯಾ ಎಲ್ಲಾದ್ರೂ ಸಿಕ್ಕಿದ್ದನೇನೋ ತಮ್ಮಾ?"

"ಇಲ್ಲ ಕಾಕಾ."

"ಅಂವಗಂತ ಒಂದ್ ಆಟ ತೆಗೆದಿಟ್ಟಿದ್ದೆ. ಬರೇ ಮಂತ್ರದ್ದು." ಅದೇ ಕೊಂಕುನಗೆ ತರಲು ಹೋದರು, ಬರಲಿಲ್ಲ. "ಸೂಳೇಮಗ, ಬರಲೇ ಇಲ್ಲ."

ಬಸ್ಸು ಬಂತು. ಕಾಕಾ ಹತ್ತುವಾಗ ಕೈಚೀಲ ಬಾಗಿಲಿಗೆ ತಾಗಿ ಒಳಗಿನ ಗಂಟೆ ಟಣ್ ಎಂದಿತು. ಕಾಕಾ ಅಲ್ಲೇ ಮೆಟ್ಟಿಲ ಮೇಲೆ ನಿಂತು, ಚೀಲದೊಳಗೆ ಕೈ ಹಾಕಿ, ಅದರ ನಾಲಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.