ಶಾಲುಬಾಯಿಯ ಪಾಪಡಖಾರ

ಚಿದ್ರಿಯ ಶಾಲುಬಾಯಿಯ ಹಪ್ಪಳಕ್ಕೆ ಇಡೀ ಬೀದರಿನಲ್ಲಿ ಹೆಸರಿತ್ತು. ಗುಟ್ಟೆಲ್ಲ ಅವಳ ಪಾಪಡಖಾರದಲ್ಲಿತ್ತು. ತವರೂರು ಹಲಬರ್ಗಾದಿಂದ ಒಣ ಉತ್ತರಾಣಿ ಗಿಡ ತರಿಸಿ, ಸುಟ್ಟು, ಬೂದಿಯನ್ನು ನೀರಲ್ಲಿ ನೆನೆಸಿ, ತಿಳಿಯನ್ನು ಬತ್ತಿಸಿ ತೆಗೆದ ಬಿಳಿ ಪುಡಿ ಅದು. ಹಿಟ್ಟಿಗೆ ಎಷ್ಟು ಹಾಕಬೇಕೆಂದು ಕೇಳಿದರೆ ನಕ್ಕು ಮಾತು ತಿರುಗಿಸುತ್ತಿದ್ದಳು. ಪಕ್ಕದ ಮನೆಯ ನನಗೂ ಹೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಅವಳ ಗಂಡ ಮಚ್ಛೇಂದ್ರ ಕಚೇರಿಯ ಗುಮಾಸ್ತ, ಉರ್ದು ಬಿಟ್ಟು ಕನ್ನಡದಲ್ಲಿ ಕಾಗದ ಬರೆಯಲು ಕಲಿಯುತ್ತಿದ್ದ. ಅಷ್ಟರಲ್ಲಿ ಮುಖ ಸುಣ್ಣ ಬಳಿದಂತೆ ಬಿಳಿಚಿತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಗುರ್ದಾ, ಅಂದರೆ ಮೂತ್ರಪಿಂಡ, ಕೆಟ್ಟಿವೆ, ರಕ್ತ ಕಡಿಮೆಯಾಗಿರುವುದೂ ಅದರಿಂದಲೇ, ಉಪ್ಪು ಮುಟ್ಟಬಾರದು ಎಂದರು ಡಾಕ್ಟರು. ಉಪ್ಪಿನ ಬದಲು ಏನು ಹಾಕಬಾರದೆಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಕಟ್ಟಿದವರು ಸುಮ್ಮನೆ ಕಟ್ಟಿಲ್ಲ. ಮಚ್ಛೇಂದ್ರ ಸಪ್ಪೆ ಬೇಳೆಯ ತಾಟು ಸರಿಸಿ ಎದ್ದುಬಿಡುತ್ತಿದ್ದ. ಉಣ್ಣದವನಿಗೆ ರಕ್ತ ಎಲ್ಲಿಂದ ಬರಬೇಕು? ಮಗ ಸೊರಗುತ್ತಿರುವುದು ಸೊಸೆಯ ಕೈಗುಣದಿಂದ ಎಂದು ಅತ್ತೆ ಜಿಜಾಬಾಯಿ ಓಣಿಗೆಲ್ಲ ಸಾರಿದಳು. ಪಾಪಡಖಾರಕ್ಕೂ ಉಪ್ಪಿನಂಥ ರುಚಿಯಿದೆ, ಆದರೆ ಅದು ಉಪ್ಪಲ್ಲವಲ್ಲ ಎಂದು ಶಾಲುಬಾಯಿ ಲೆಕ್ಕ ಹಾಕಿದಳು. ಅಂದಿನಿಂದ ದಿನವೂ ಬೇಳೆಗೆ ಅರ್ಧ ಚಮಚ ಬೆರೆಸಿದಳು. ಗಂಡ ತಾಟು ಖಾಲಿ ಮಾಡಿದ.

ಎಂಟನೆಯ ದಿನ ಮಧ್ಯಾಹ್ನ ಅವನಿಗೆ ಕಾಲು ಎತ್ತಲಾಗಲಿಲ್ಲ. ಸೂಜಿ ಚುಚ್ಚಲು ಬಂದ ನರ್ಸ್ ನವೊಮಿ ನಾಡಿ ಹಿಡಿದಳು. ನಿಮಿಷಕ್ಕೆ ಮೂವತ್ತೆಂಟು. ನನ್ನನ್ನು ಟಾಂಗಾ ತರಲು ಓಡಿಸಿದಳು. ನಾನು ಮರಳುವಷ್ಟರಲ್ಲಿ ಮೂವತ್ತನಾಲ್ಕಾಗಿತ್ತು.

"ಶಾಲುಬಾಯಿ, ಇವರಿಗಿ ಏನು ಉಣ್ಣಸೀರಿ? ಖರೇ ಹೇಳ್ರಿ."

ಉಪ್ಪು ಒಂದು ಹರಳೂ ಹಾಕಿಲ್ಲವೆಂದಳು. ಅದು ನಿಜವೇ. ಆದರೆ ಅವಳ ಕಣ್ಣು ಒಲೆಯ ಕಡೆ ಓಡಿದ್ದನ್ನು ನಾನು ಕಂಡೆ. ಬಾಗಿಲಲ್ಲಿ ಜಿಜಾಬಾಯಿ, ಅವಳ ಹಿಂದೆ ಭಾಲ್ಕಿಯಿಂದ ಬಂದ ಇಬ್ಬರು ಮೈದುನರು ನಿಂತಿದ್ದರು. ಹೇಳಿದರೆ ಗಂಡನಿಗೆ ವಿಷವಿಟ್ಟವಳೆಂಬ ಹೆಸರು ತಪ್ಪದು. ಹೇಳದಿದ್ದರೆ ಗಂಡ ಉಳಿಯುವುದಿಲ್ಲ.

ಅವಳು ಒಳಗೆ ಹೋಗಿ ಪಾಪಡಖಾರದ ಭರಣಿ ತಂದು ಎಲ್ಲರ ಮುಂದೆ ಇಟ್ಟಳು.

"ಇದನ್ನ ಹಾಕೀನ್ರಿ. ಎಂಟು ದಿನ ಆತು. ನಾನೇ ಹಾಕೀನಿ."

ನವೊಮಿ ರೋಗಿಯ ಜೊತೆ ಭರಣಿಯನ್ನೂ ಟಾಂಗಾಕ್ಕೆ ಏರಿಸಿದಳು. ಬೂದಿಯ ಕ್ಷಾರವನ್ನು ಕೆಟ್ಟ ಗುರ್ದಾ ಹೊರಹಾಕಲಾರದು, ಅದು ರಕ್ತದಲ್ಲಿ ಸೇರಿ ಎದೆಬಡಿತವನ್ನೇ ನಿಲ್ಲಿಸುತ್ತದೆ ಎಂದು ದವಾಖಾನೆಯಲ್ಲಿ ಡಾಕ್ಟರು ಹೇಳಿದರು. ತಕ್ಷಣ ನರಕ್ಕೆ ಕ್ಯಾಲ್ಸಿಯಂ ಕೊಟ್ಟರು. ಶಾಲುಬಾಯಿ ಗಂಡನ ಮಣಿಕಟ್ಟು ಬಿಡಲಿಲ್ಲ. ಇಪ್ಪತ್ತರ ಮೇಲೆ ಎಣಿಸಲು ಬಾರದ ಅವಳು ಇಪ್ಪತ್ತು ಇಪ್ಪತ್ತಾಗಿ ಎಣಿಸುತ್ತ ಕೂತಳು. ಹೊತ್ತು ಮುಳುಗುವಾಗ ನಿಮಿಷಕ್ಕೆ ಮೂರು ಇಪ್ಪತ್ತಾಯಿತು.

ಮಚ್ಛೇಂದ್ರ ಅದೇ ಬಿಳಿಚಿದ ಮುಖದಲ್ಲಿ ಇನ್ನೂ ಎರಡು ವರ್ಷ ಬದುಕಿದ, ಸಪ್ಪೆ ಬೇಳೆ ಉಂಡುಕೊಂಡು. ವಿಷವಿಟ್ಟವಳೆಂಬ ಹೆಸರನ್ನು ಜಿಜಾಬಾಯಿ ಕೊಟ್ಟೇ ಕೊಟ್ಟಳು. ಶಾಲುಬಾಯಿ ಪಾಪಡಖಾರ ಮಾಡುವುದನ್ನು ಬಿಡಲಿಲ್ಲ. ಒಯ್ಯಲು ಬಂದವರಿಗೆಲ್ಲ, ಮನೆಯಲ್ಲಿ ಯಾರಿಗಾದರೂ ಗುರ್ದಾದ ಬೇನೆ ಇದೆಯೇ ಎಂದು ಕೇಳುತ್ತಿದ್ದಳು. ಕೆಲವರು ಮುನಿಸಿಕೊಂಡು ಹೋಗುತ್ತಿದ್ದರು. ಹಪ್ಪಳದ ಅಳತೆಯನ್ನು ಸಾಯುವತನಕ ಯಾರಿಗೂ ಹೇಳಲಿಲ್ಲ. ಇನ್ನೊಂದು ಅಳತೆಯನ್ನು ಮಾತ್ರ ಕೇಳದಿದ್ದರೂ ಹೇಳುತ್ತಿದ್ದಳು.

"ನನ್ನ ಗಂಡಗ ನಾನೇ ಹಾಕಿದ್ದೆರಿ. ಅರ್ಧ ಚಮಚ."